ಬಾಗಿಲು ಮುಚ್ಚಿದ ಶಾಖಾ ಅಂಚೆ ಕಚೇರಿ: 2018ರ ಮುಷ್ಕರ ಮತ್ತು ಗುಬ್ಬಿ ಸೀಮೆಯ ಕೇಳಿಸದ ಅಸಹನೆ

2018ರ ಮೇ 22ರಂದು ದೇಶದ ಗ್ರಾಮೀಣ ಅಂಚೆ ಸೇವಕರು ಅನಿರ್ದಿಷ್ಟಾವಧಿ ಮುಷ್ಕರ ಹೂಡಿದರು. ಮರುದಿನವೇ ವಿಧಾನಸೌಧದ ಮುಂದೆ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿ, ತುಮಕೂರು ಜಿಲ್ಲೆಯ ಕೊರಟಗೆರೆಯ ಶಾಸಕ ಜಿ. ಪರಮೇಶ್ವರ ಉಪಮುಖ್ಯಮಂತ್ರಿಯಾಗಿ ಪ್ರಮಾಣ ವಚನ ಸ್ವೀಕರಿಸಿದರು. ಮುಷ್ಕರದ ಹದಿನಾರನೆಯ ದಿನ, ಜೂನ್ 6ರಂದು, ಸೇವಕರ ಭತ್ಯೆ ಪರಿಷ್ಕರಣೆಗೆ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಅದೇ ದಿನ ಬೆಂಗಳೂರಿನಲ್ಲಿ ರಾಜ್ಯ ಸಂಪುಟ ವಿಸ್ತರಣೆಯಾಗಿ ಗುಬ್ಬಿಯ ಶಾಸಕ ಎಸ್.ಆರ್. ಶ್ರೀನಿವಾಸ್ ಸಚಿವರಾದರು. ಹೀಗೆ ಮುಷ್ಕರದ ಮೊದಲೂ ಕೊನೆಯೂ ರಾಜ್ಯ ರಾಜಕಾರಣದ ದೊಡ್ಡ ಸುದ್ದಿಗಳ ನೆರಳಿಗೆ ಸಿಕ್ಕಿದವು. ಆ ಹದಿನಾರು ದಿನ ಅಂಚೆಗಾಗಿ ಕಾದವರ ಅಸಹನೆ ಎಲ್ಲಿ ಹುಟ್ಟಿತು, ಯಾರ ಕಡೆ ತಿರುಗಿತು, ಏಕೆ ಕೇಳಿಸದೆ ಹೋಯಿತು ಎಂಬುದೇ ಈ ಲೇಖನದ ವಿಷಯ.

ಅಂಚೆ ಮುಷ್ಕರವೆಂದರೆ ಜನ ಒಂದು ಕಡೆ, ನೌಕರ ಇನ್ನೊಂದು ಕಡೆ ಎಂದು ಭಾವಿಸುವುದು ವಾಡಿಕೆ. ಗ್ರಾಮೀಣ ಅಂಚೆಯ ಮಟ್ಟಿಗೆ ಆ ಗ್ರಹಿಕೆ ತಪ್ಪು ಎಂಬುದು ನನ್ನ ವಾದ. ಕೆಲಸ ನಿಲ್ಲಿಸಿದವನನ್ನೂ ಕಾದು ಕೂತವಳನ್ನೂ ಕಾನೂನು ಒಂದೇ ಬಗೆಯಲ್ಲಿ ಹೊರಗಿಟ್ಟಿದೆ. ಅವನಿಗೆ ಸರ್ಕಾರಿ ನೌಕರನ ಸ್ಥಾನವಿಲ್ಲ, ಅವಳಿಗೆ ಗ್ರಾಹಕಳ ಹಕ್ಕಿಲ್ಲ.

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್ ಸೀಮೆಯನ್ನು ಮುಂದಿಟ್ಟುಕೊಂಡು ನೋಡುವುದಕ್ಕೆ ಕಾರಣವಿದೆ. ಇಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ 2016ರ ಜನವರಿ 3ರಂದು ಅಡಿಗಲ್ಲು ಬಿತ್ತು. 2023ರ ಫೆಬ್ರವರಿ 6ರಂದು ಅದು ಉದ್ಘಾಟನೆಯಾಯಿತು. ಅಂಥ ಕಾರ್ಖಾನೆಯ ವ್ಯವಹಾರಕ್ಕೆ ಇ-ಮೇಲ್ ಇದೆ, ಕೊರಿಯರ್ ಇದೆ, ಬ್ಯಾಂಕಿದೆ. ಸುತ್ತಲಿನ ತೆಂಗು, ಅಡಿಕೆ, ರಾಗಿಯ ಊರುಗಳಲ್ಲಿ ಮಕ್ಕಳು ಬೆಂಗಳೂರು ಸೇರಿ ಒಬ್ಬರೇ ಉಳಿದ ಹಿರಿಯರಿಗೆ, ವಿಧವೆಯರಿಗೆ ಮಾತ್ರ ಸರ್ಕಾರ ಎಂದರೆ ತಿಂಗಳಿಗೊಮ್ಮೆ ಬಾಗಿಲಿಗೆ ಬರುವ ಅಂಚೆಯಣ್ಣ. ಒಂದೇ ಸೀಮೆಯಲ್ಲಿ ಅಂಚೆ ನಿಂತರೆ ಕೆಲವರಿಗೆ ಗೊತ್ತೇ ಆಗುವುದಿಲ್ಲ, ಕೆಲವರಿಗೆ ತಿಂಗಳ ಬದುಕೇ ನಿಲ್ಲುತ್ತದೆ. ಅಸಹನೆಯ ಅಧ್ಯಯನ ಈ ಅಂತರದಿಂದಲೇ ಶುರುವಾಗಬೇಕು.

ಮೊದಲು ಅಂಚೆ ಸೇವಕನ ಸ್ಥಿತಿ. ಇಲಾಖೇತರ ಏಜೆಂಟ್ ಎಂಬ ಈ ವ್ಯವಸ್ಥೆ ಬ್ರಿಟಿಷರ ಕಾಲದ್ದು. ಊರ ಶಾಲಾ ಮೇಷ್ಟ್ರೋ ಅಂಗಡಿಯವರೋ ಬಿಡುವಿನ ವೇಳೆಯಲ್ಲಿ ಸಣ್ಣ ಭತ್ಯೆಗೆ ಅಂಚೆ ನೋಡಿಕೊಳ್ಳಲಿ, ಸರ್ಕಾರಕ್ಕೆ ಖರ್ಚು ಉಳಿಯಲಿ ಎಂಬ ಲೆಕ್ಕಾಚಾರ. ಕೇಂದ್ರ ಸರ್ಕಾರವೇ ಕೊಟ್ಟ ಅಂಕಿಯಂತೆ 2018ರಲ್ಲಿ ಇಂಥ ಸೇವಕರು 3.07 ಲಕ್ಷ; ಅವರು ನಡೆಸುವ ಶಾಖಾ ಅಂಚೆ ಕಚೇರಿಗಳು ಸುಮಾರು 1.29 ಲಕ್ಷ. ದೇಶದ ಬಹುಪಾಲು ಅಂಚೆ ಕಚೇರಿಗಳು ನಿಂತಿರುವುದೇ ಇವರ ಹೆಗಲ ಮೇಲೆ. 1977ರಲ್ಲಿ ಪಿ.ಕೆ. ರಾಜಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇವರು ಬಿಡಿ ಕೂಲಿಗಳಲ್ಲ, ಸರ್ಕಾರದ ಅಧೀನದ ಹುದ್ದೆಯಲ್ಲಿರುವವರು, ಸಂವಿಧಾನದ 311ನೇ ವಿಧಿಯ ರಕ್ಷಣೆ ಇವರಿಗೂ ಸಲ್ಲುತ್ತದೆ ಎಂದಿತು. ಆದರೆ 2001ರ ಗ್ರಾಮೀಣ ಡಾಕ್ ಸೇವಕರ ನಿಯಮಾವಳಿ ಸೇವಕನು ಕೇಂದ್ರದ ನಾಗರಿಕ ಸೇವೆಯ ಹೊರಗಿನವನು, ಕೇಂದ್ರ ನೌಕರರೊಂದಿಗೆ ಸಮಾನತೆ ಕೇಳುವಂತಿಲ್ಲ ಎಂದು ಬರೆದಿಟ್ಟಿತು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸವಿಲ್ಲ, ಆದ್ದರಿಂದ ಬದುಕಲು ಬೇರೆ ಆದಾಯವಿದೆ ಎಂದು ಅವನೇ ತೋರಿಸಬೇಕು ಎಂಬ ಷರತ್ತೂ ಅದರಲ್ಲಿತ್ತು. ಶಾಖಾ ಪೋಸ್ಟ್ ಮಾಸ್ಟರ್ ಆದವರು ಅಂಚೆ ಕಚೇರಿಗೆ ಜಾಗವನ್ನೂ ತಾವೇ ಒದಗಿಸಬೇಕು. ನ್ಯಾಯಾಲಯ ಒಳಗೆ ಕರೆದವರನ್ನು ನಿಯಮಾವಳಿ ಹೊಸ್ತಿಲಾಚೆಯೇ ನಿಲ್ಲಿಸಿತು.

ಇಲಾಖೆಯ ಕಾಯಂ ನೌಕರರಿಗೆ ಏಳನೇ ವೇತನ ಆಯೋಗದ ಸಂಬಳ 2016ರಲ್ಲೇ ಬಂತು. ಸೇವಕರು ಆ ಆಯೋಗದ ವ್ಯಾಪ್ತಿಯಲ್ಲಿ ಇರಲಿಲ್ಲ; ಅವರಿಗಾಗಿ ಕಮಲೇಶ್ ಚಂದ್ರ ಅವರ ಏಕಸದಸ್ಯ ಸಮಿತಿ ನೇಮಕವಾಗಿತ್ತು. ಆ ಸಮಿತಿ 2016ರ ನವೆಂಬರಿನಲ್ಲಿ ವರದಿ ಒಪ್ಪಿಸಿತು. ವರದಿ ಒಂದೂವರೆ ವರ್ಷ ಕಡತದಲ್ಲೇ ಉಳಿಯಿತು. ಮುಷ್ಕರ ಆರಂಭವಾಗಿ ಹದಿನಾರು ದಿನಗಳೊಳಗೆ ಅದೇ ವರದಿಯ ಆಧಾರದ ಮೇಲೆ ಸಂಪುಟ ತೀರ್ಮಾನ ಕೈಗೊಂಡಿತು: ನಾಲ್ಕು ಗಂಟೆಯ ಶಾಖಾ ಪೋಸ್ಟ್ ಮಾಸ್ಟರಿಗೆ ತಿಂಗಳಿಗೆ 12,000 ರೂಪಾಯಿ, ಐದು ಗಂಟೆಯವರಿಗೆ 14,500, ಸಹಾಯಕರಿಗೂ ಡಾಕ್ ಸೇವಕರಿಗೂ ಇದೇ ಕ್ರಮದಲ್ಲಿ 10,000 ಮತ್ತು 12,000. ಹದಿನೆಂಟು ತಿಂಗಳು ಸಾಧ್ಯವಾಗದ್ದು ಹದಿನಾರು ದಿನದಲ್ಲಿ ಸಾಧ್ಯವಾಯಿತು ಎಂದಾದರೆ ಮುಷ್ಕರದ ಹೊಣೆ ಯಾರದ್ದೆಂಬ ಪ್ರಶ್ನೆಗೆ ಉತ್ತರ ಆ ಕಾಲಾವಧಿಯಲ್ಲೇ ಇದೆ.

ಇನ್ನು ಕಾಯುವವರ ಕಡೆ ನೋಡೋಣ. ವೃದ್ಧಾಪ್ಯ ವೇತನ, ವಿಧವಾ ವೇತನ, 2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಇವೆಲ್ಲ ಕರ್ನಾಟಕದಲ್ಲಿ ಬಹುಕಾಲ ಮನಿ ಆರ್ಡರ್ ಮೂಲಕ, ಆಮೇಲೆ ಅಂಚೆ ಉಳಿತಾಯ ಖಾತೆಯ ಮೂಲಕವೂ ತಲುಪಿದವು. ಬ್ಯಾಂಕ್ ಖಾತೆಗೆ ಬದಲಾದವರು ಎಷ್ಟೇ ಇದ್ದರೂ ನಡೆಯಲಾಗದವರು, ಕಣ್ಣು ಮಂಜಾದವರು ಅಂಚೆಯನ್ನೇ ನೆಚ್ಚಿದ್ದರು. ಅವರಿಗೆ ಗುಬ್ಬಿಗೋ ನಿಟ್ಟೂರಿಗೋ ಬಸ್ಸು ಹತ್ತಿ ಹೋಗಿ ವಿಚಾರಿಸುವುದೆಂದರೆ ಬರಬೇಕಾದ ದುಡ್ಡಿನಲ್ಲೇ ಒಂದು ಪಾಲು ಚಾರ್ಜಿಗೆ ಹೋಗುತ್ತಿತ್ತು, ಜೊತೆಗೆ ಒಬ್ಬರ ದಿನದ ಕೂಲಿಯೂ ತಪ್ಪುತ್ತಿತ್ತು. ಮೇ ಕೊನೆಯ ವಾರವೆಂದರೆ ಕಾಲೇಜು ಸೇರುವ ಕಾಲವೂ ಹೌದು. ಸಂದರ್ಶನದ ಕರೆಪತ್ರ, ಎಟಿಎಂ ಕಾರ್ಡು, ಆಧಾರ್, ಕೋರ್ಟಿನ ನೋಟಿಸು ಎಲ್ಲವೂ ಉಪ ಅಂಚೆ ಕಚೇರಿಯವರೆಗೆ ಬಂದರೂ ಅಲ್ಲಿಂದ ಹಳ್ಳಿಗೆ ಚೀಲ ಒಯ್ಯುವವರು ಇಲ್ಲದಿದ್ದರೆ ಅಲ್ಲೇ ಉಳಿಯುತ್ತವೆ. ದಿನಾಂಕ ಮೀರಿದ ಕರೆಪತ್ರಕ್ಕೆ ಪರಿಹಾರವಿಲ್ಲ.

ಪರಿಹಾರವಿಲ್ಲ ಎಂಬುದು ಬರೀ ಮಾತಲ್ಲ, ಕಾನೂನು. 1898ರ ಭಾರತೀಯ ಅಂಚೆ ಕಚೇರಿ ಕಾಯ್ದೆಯ 6ನೇ ಕಲಂ ಅಂಚೆ ಕಳೆದುಹೋದರೆ, ತಡವಾದರೆ, ತಪ್ಪು ವಿಳಾಸಕ್ಕೆ ಹೋದರೆ ಸರ್ಕಾರ ಹೊಣೆಯಲ್ಲ ಎಂದು ಘೋಷಿಸಿತ್ತು. ಹಳೆಯ ಕಾಯ್ದೆಯನ್ನು ರದ್ದು ಮಾಡಿ ಬಂದ 2023ರ ಅಂಚೆ ಕಚೇರಿ ಕಾಯ್ದೆಯೂ ನಿಯಮಗಳಲ್ಲಿ ಹೇಳಿದ್ದನ್ನು ಬಿಟ್ಟರೆ ಬೇರೆ ಹೊಣೆಯನ್ನು ಒಪ್ಪಿಕೊಂಡಿಲ್ಲ. ಕೇಳುವ ಹಕ್ಕಿಲ್ಲದಾಗ ಸಿಟ್ಟು ಎದುರಿಗೆ ಕಂಡವರ ಮೇಲೆ ಹರಿಯುತ್ತದೆ. ಅತ್ತೆ ಮೇಲಿನ ಸಿಟ್ಟು ಕೊತ್ತಿ ಮೇಲೆ ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ದಿಲ್ಲಿಯ ಸಂವಹನ ಸಚಿವಾಲಯದ ಕಡತ ಹಳ್ಳಿಯವರ ಕಣ್ಣಿಗೆ ಬೀಳುವುದಿಲ್ಲ. ಪಕ್ಕದ ಬೀದಿಯ ಪೋಸ್ಟ್ ಮಾಸ್ಟರ್ ದಿನವೂ ಎದುರಾಗುತ್ತಾರೆ. ನಗರದ ನೌಕರ ಮುಷ್ಕರ ಮಾಡಿ ಮನೆಗೆ ಹೋದರೆ ಯಾರಿಗೂ ಗುರುತಿಲ್ಲ. ಶಾಖಾ ಪೋಸ್ಟ್ ಮಾಸ್ಟರಿಗೆ ಹಾಲಿನ ಡೇರಿಯಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ, ಜಾತ್ರೆಯಲ್ಲಿ ಅದೇ ಮುಖಗಳು ಎದುರಾಗುತ್ತವೆ. ಈ ಕಾರಣಕ್ಕೇ ಗ್ರಾಮೀಣ ಅಂಚೆ ಮುಷ್ಕರ, ಹೂಡುವವರಿಗೂ ಕಷ್ಟದ ತೀರ್ಮಾನ.

ಮೈಸೂರು ಸೀಮೆಯಲ್ಲಿ ಇನ್ನೊಂದು ತೊಡಕೂ ಸೇರಿಕೊಂಡಿದೆ. ಚಿಕ್ಕದೇವರಾಜ ಒಡೆಯರ್ 1672ರಲ್ಲಿ ಕಟ್ಟಿದ ಅಂಚೆ ವ್ಯವಸ್ಥೆ ಸಂಸ್ಥಾನದ್ದೇ ಆಗಿತ್ತು. 1889ರಲ್ಲಿ ಅದು ಬ್ರಿಟಿಷ್ ಭಾರತದ ಅಂಚೆಯೊಳಗೆ ವಿಲೀನವಾಯಿತು. ಅಂದಿನಿಂದ ಇಲ್ಲಿನ ಸರ್ಕಾರ ತನ್ನ ಜನಕ್ಕೆ ಅಂಚೆಯ ಮೂಲಕ ಹಣ ಕಳಿಸಬಹುದು, ಆದರೆ ಒಯ್ಯುವವರ ಮೇಲೆ ಅದರ ಮಾತು ನಡೆಯುವುದಿಲ್ಲ. ಪಿಂಚಣಿ ಕೊಡಬೇಕಾದದ್ದು ರಾಜ್ಯ, ತಲುಪಿಸಬೇಕಾದದ್ದು ಕೇಂದ್ರದ ಇಲಾಖೆ. ಮುಷ್ಕರದ ಹೊತ್ತಿನಲ್ಲಿ ತಾಲ್ಲೂಕು ಕಚೇರಿ ಹಣ ಬಿಡುಗಡೆಯಾಗಿದೆ ಎನ್ನಬಹುದು, ಅಂಚೆ ಕಚೇರಿ ಹಂಚುವವರಿಲ್ಲ ಎನ್ನಬಹುದು. ಎರಡೂ ಉತ್ತರ ನಿಜ. ಅಜ್ಜಿಯ ಕೈ ಮಾತ್ರ ಖಾಲಿ.

1946ರ ಅಂಚೆ ಮುಷ್ಕರದೊಂದಿಗೆ ಹೋಲಿಸಿದರೆ 2018ರ ಅಸಹನೆ ಏಕೆ ಕೇಳಿಸಲಿಲ್ಲ ಎಂಬುದು ಇನ್ನಷ್ಟು ಸ್ಪಷ್ಟವಾಗುತ್ತದೆ. ಆ ವರ್ಷದ ಜುಲೈ 11ರಂದು ಪೋಸ್ಟ್‌ಮ್ಯಾನ್‌ಗಳೂ ಕೆಳದರ್ಜೆ ನೌಕರರೂ ಕೆಲಸ ನಿಲ್ಲಿಸಿದಾಗ ವರ್ತಕರು, ವಕೀಲರು, ಪತ್ರಿಕೆಗಳು ಎಲ್ಲರಿಗೂ ಬಿಸಿ ತಟ್ಟಿತು. ಜುಲೈ 29ರಂದು ಅವರಿಗೆ ಬೆಂಬಲವಾಗಿ ಕಲ್ಕತ್ತೆಯೇ ಹರತಾಳ ಆಚರಿಸಿತು. ದನಿಯುಳ್ಳವರೂ ಆಗ ಅಂಚೆಯನ್ನು ಅವಲಂಬಿಸಿದ್ದರಿಂದ ನೌಕರರ ದೂರೂ ಜನರ ತೊಂದರೆಯೂ ಒಟ್ಟಿಗೆ ಕೇಳಿಸಿದವು. 2018ರ ಹೊತ್ತಿಗೆ ಪತ್ರ ಮೊಬೈಲಿಗೆ ಹೋಗಿತ್ತು, ಪಾರ್ಸೆಲ್ ಕೊರಿಯರಿಗೆ, ಹಣ ಬ್ಯಾಂಕಿಗೆ. ಅಂಚೆ ಬೇಕಾದವರ ಸಂಖ್ಯೆ ತಗ್ಗಿತು. ಉಳಿದವರ ಅಗತ್ಯ ಮಾತ್ರ ಮೊದಲಿಗಿಂತ ತೀವ್ರವಾಯಿತು. ಅಂಚೆಯ ಕಾಲ ಮುಗಿಯಿತು ಎನ್ನುವವರು ಈ ಉಳಿದವರನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಮುಷ್ಕರ ನಡೆದರೂ ದುರ್ಬಲರ ಹಣ ನಿಲ್ಲದಂತೆ ನೋಡಿಕೊಳ್ಳುವುದು ಅಸಾಧ್ಯವಲ್ಲ. 2024ರ ನವೆಂಬರ್ 15ರಿಂದ ಡಿಸೆಂಬರ್ 17ರವರೆಗೆ ಕೆನಡಾದ ಸುಮಾರು 55,000 ಅಂಚೆ ನೌಕರರು ಮುಷ್ಕರದಲ್ಲಿದ್ದರು. ಆಗಲೂ ಹಿರಿಯರ ಪಿಂಚಣಿ, ಮಕ್ಕಳ ನೆರವು ಮುಂತಾದ ಸರ್ಕಾರಿ ಚೆಕ್ಕುಗಳನ್ನು ತಲುಪಿಸುವುದಕ್ಕೆ ನೌಕರರ ಸಂಘವೂ ಆಡಳಿತವೂ ಮೊದಲೇ ಒಪ್ಪಂದ ಮಾಡಿಕೊಂಡಿದ್ದವು. ಅಂಥ ಒಪ್ಪಂದಕ್ಕೆ ಒಂದು ಪೂರ್ವಷರತ್ತಿದೆ: ಸಂಘವನ್ನು ಸಮಾನ ಪಕ್ಷವೆಂದು ಒಪ್ಪಿ ಎದುರಿಗೆ ಕೂರಿಸಿಕೊಳ್ಳಬೇಕು. ಸರ್ಕಾರಿ ನೌಕರರಿಗೆ ಮುಷ್ಕರದ ಮೂಲಭೂತ ಹಕ್ಕಿಲ್ಲ ಎಂದು 2003ರ ಟಿ.ಕೆ. ರಂಗರಾಜನ್ ತೀರ್ಪು ಹೇಳಿದ ಮೇಲೆ ನಮ್ಮಲ್ಲಿ ಮುಷ್ಕರವನ್ನು ಶಿಸ್ತಿನ ವಿಷಯವಾಗಿ ಮಾತ್ರ ನೋಡುವ ರೂಢಿ ಗಟ್ಟಿಯಾಗಿದೆ. ಶಿಸ್ತುಕ್ರಮದಿಂದ ಯಾರ ಮನೆಗೂ ಪಿಂಚಣಿ ತಲುಪುವುದಿಲ್ಲ.

2018ರ ತೀರ್ಮಾನದಿಂದ ಭತ್ಯೆ ಹೆಚ್ಚಿತು, ಸ್ಥಾನ ಬದಲಾಗಲಿಲ್ಲ. ಹೀಗಾಗಿ 2023ರ ಡಿಸೆಂಬರ್ 12ರಂದು ಸೇವಕರು ಮತ್ತೆ ಮುಷ್ಕರಕ್ಕಿಳಿದರು. ಎಂಟು ಗಂಟೆಯ ಕೆಲಸ, ಪಿಂಚಣಿ, ಕಮಲೇಶ್ ಚಂದ್ರ ವರದಿಯ ಉಳಿದ ಶಿಫಾರಸುಗಳ ಜಾರಿ ಅವರ ಬೇಡಿಕೆಗಳಲ್ಲಿದ್ದವು. ಆರು ದಿನಗಳ ನಂತರ, ಡಿಸೆಂಬರ್ 18ರಂದು, ಲೋಕಸಭೆ ಮೇಲೆ ಹೇಳಿದ ಹೊಸ ಅಂಚೆ ಕಾಯ್ದೆಯ ಮಸೂದೆಗೆ ಒಪ್ಪಿಗೆ ನೀಡಿತು; ಕಾಯುವವರ ಸ್ಥಿತಿಯೂ ಬದಲಾಗಲಿಲ್ಲ.

ಮುಂದಿನ ಮುಷ್ಕರಕ್ಕೆ ಮುಂಚೆ ಎರಡು ಕೆಲಸ ಆಗಬೇಕು. ಸೇವಕರ ಕುರಿತ ಯಾವುದೇ ಸಮಿತಿಯ ವರದಿಗೆ ಆರು ತಿಂಗಳೊಳಗೆ ಉತ್ತರ ಕೊಡುವ ಹೊಣೆಯನ್ನು ಕೇಂದ್ರ ಸರ್ಕಾರ ನಿಯಮದಲ್ಲೇ ಹೊರಬೇಕು. ಅಂಚೆಯ ಮೂಲಕ ಹೋಗುವ ಪಿಂಚಣಿ ಮುಷ್ಕರದ ದಿನಗಳಲ್ಲೂ ಹಂಚಿಕೆಯಾಗುವಂತೆ ಕರ್ನಾಟಕ ಸರ್ಕಾರ ಅಂಚೆ ವೃತ್ತದೊಂದಿಗೂ ಸೇವಕರ ಸಂಘಗಳೊಂದಿಗೂ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ತುಮಕೂರು ಜಿಲ್ಲೆಯ ಜನಪ್ರತಿನಿಧಿಗಳು ಈ ಎರಡನೆಯ ಮಾತನ್ನು ವಿಧಾನಸಭೆಯಲ್ಲಿ ಎತ್ತಲಿ.