ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯ ನಂತರ ಬಸುರಿಯ ಆಹಾರ

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಆದವಳು ಬಸುರಿಯಾದಾಗ ಬೇಕಾದದ್ದು ಇಬ್ಬರ ಊಟವಲ್ಲ, ಪ್ರತಿ ತುತ್ತಿನಲ್ಲೂ ಸತ್ವ. ಈ ಶಸ್ತ್ರಚಿಕಿತ್ಸೆಯ ಒಂದು ಬಗೆಯಾದ ಗ್ಯಾಸ್ಟ್ರಿಕ್ ಬೈಪಾಸ್‌ ಆದವರಲ್ಲಿ ಆಹಾರವು ಕಬ್ಬಿಣ, ಕ್ಯಾಲ್ಸಿಯಂ ಹೆಚ್ಚಾಗಿ ಹೀರುವ ಸಣ್ಣ ಕರುಳಿನ ಆರಂಭದ ಭಾಗವನ್ನು ಮುಟ್ಟುವುದೇ ಇಲ್ಲ. ಬಿ12 ಹೀರಿಕೆಯೂ ಕುಗ್ಗುತ್ತದೆ. 2015ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆಯಾದ ಗರ್ಭಿಣಿಯರಿಗೆ ಗರ್ಭಾವಧಿಯ ಮಧುಮೇಹ ಬಂದದ್ದು ಶೇ. 1.9ರಷ್ಟು (ಶಸ್ತ್ರಚಿಕಿತ್ಸೆಯಾಗದ ಹೋಲಿಕೆ ಗುಂಪಿನಲ್ಲಿ ಶೇ. 6.8), ಆದರೆ ಗರ್ಭದ ವಾರಗಳಿಗೆ ತಕ್ಕ ಬೆಳವಣಿಗೆಯಿಲ್ಲದ ಶಿಶುಗಳು ಶೇ. 15.6 (ಹೋಲಿಕೆಯಲ್ಲಿ ಶೇ. 7.6). ಲಾಭವೂ ನಿಜ, ಅಪಾಯವೂ ನಿಜ. ಚೆನ್ನಾಗಿ ಉಂಡರೆ ಪೋಷಕಾಂಶದ ಮಾತ್ರೆ ಏಕೆ ಎಂಬ ಆಕ್ಷೇಪ ಇಲ್ಲಿ ನಿಲ್ಲದು: ಹೀರುವ ದಾರಿಯೇ ಬದಲಾಗಿದೆ. ತಟ್ಟೆಯಲ್ಲಿ ಮೊಟ್ಟೆ, ಮೊಸರು, ದಪ್ಪ ಬೇಳೆ ಮೊದಲು, ಅನ್ನ ಆಮೇಲೆ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಸೇರಲಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳ ನಡುವೆ 2 ಗಂಟೆ ಅಂತರವಿರಲಿ.