ಕಂಟೇನರ್ ಮನೆ ಚರಾಸ್ತಿಯೇ? ಒಂದು ಪೇಟೆಂಟಿನ ತಪ್ಪು ಓದು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತೋಟಗಳಲ್ಲಿ ಕಂಟೇನರ್ ಮನೆ ಇಡಿಸುವ ಮಾತು ಬಂದಾಗ ಒಂದು ವಾದವೂ ಬೆನ್ನಿಗೇ ಬರುತ್ತದೆ: ಇದು ಕಟ್ಟಡವಲ್ಲ, ಎತ್ತಿ ಒಯ್ಯಬಹುದಾದ ಪೆಟ್ಟಿಗೆ, ಆದ್ದರಿಂದ ಭೂಪರಿವರ್ತನೆ ಬೇಡ. ಇದಕ್ಕೆ ಚರಿತ್ರೆಯ ಆಸರೆ ಹುಡುಕುವವರು ಅಮೆರಿಕದ ಫಿಲಿಪ್ ಕ್ಲಾರ್ಕ್ 1987ರ ನವೆಂಬರ್ 23ರಂದು ಅರ್ಜಿ ಹಾಕಿ, 1989ರ ಆಗಸ್ಟ್ 8ರಂದು ಪಡೆದ ಪೇಟೆಂಟನ್ನು (ಸಂಖ್ಯೆ 4854094) ಕಂಟೇನರ್ ಮನೆಯ ಜನ್ಮಪತ್ರಿಕೆ ಎನ್ನುತ್ತಾರೆ. ಅವರಲ್ಲಿ ಎಷ್ಟು ಮಂದಿ ಅದರ ಶೀರ್ಷಿಕೆಯನ್ನಾದರೂ ಪೂರ್ತಿ ಓದಿದ್ದಾರೋ!

ಕ್ಲಾರ್ಕ್ ಹಕ್ಕು ಕೇಳಿದ್ದು ಹಡಗಿನ ಉಕ್ಕಿನ ಕಂಟೇನರುಗಳನ್ನು ನಿವೇಶನದಲ್ಲೇ ವಾಸದ ಕಟ್ಟಡವಾಗಿ ಮಾರ್ಪಡಿಸುವ ವಿಧಾನಕ್ಕೆ ಮತ್ತು ಹಾಗೆ ಸಿದ್ಧವಾದ ಕಟ್ಟಡಕ್ಕೆ. ಪೆಟ್ಟಿಗೆಯಲ್ಲಿ ಮೊದಲು ಬಾಳಿದವರು ಯಾರೆಂಬ ಪ್ರಶ್ನೆ ಅಲ್ಲಿಲ್ಲ. ನಮಗೆ ಮುಖ್ಯವಾದದ್ದು ಇನ್ನೊಂದು: ಪೆಟ್ಟಿಗೆಯ ಪ್ರಯಾಣ ಮುಗಿದ ಜಾಗದಲ್ಲಿ ಈ ವಿಧಾನ ಶುರುವಾಗುತ್ತದೆ. ಚಲನೆ ಕಚ್ಚಾವಸ್ತುವಿನ ಗುಣ, ಮನೆಯದಲ್ಲ. ಅಮೆರಿಕದ ಪೇಟೆಂಟು ನಮ್ಮ ತಾಲ್ಲೂಕು ಕಚೇರಿಗೆ ಪ್ರಮಾಣವಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ; ಆದರೆ ಅದನ್ನು ಸಾಕ್ಷಿಕಟ್ಟೆಗೆ ಹತ್ತಿಸಿದವನು ನಾನಲ್ಲ.

ವಸ್ತುವಿನ ಸಾಕ್ಷ್ಯವೂ ಇದನ್ನೇ ಹೇಳುತ್ತದೆ. ಒಂದರ ಮೇಲೊಂದು ಪೇರಿಸಿದ ಭಾರವನ್ನು ಕಂಟೇನರಿನ ನಾಲ್ಕು ಮೂಲೆಗಂಬಗಳು ಹೊರುತ್ತವೆ. ಸುಕ್ಕುತಗಡಿನ ಗೋಡೆಗಳು ಅದನ್ನು ವಾಲದಂತೆ ಹಿಡಿದಿಡುತ್ತವೆ. ಕಿಟಕಿಗೆಂದು ಗೋಡೆ ಕತ್ತರಿಸಿದರೆ ಸುತ್ತ ಚೌಕಟ್ಟು ಬೆಸೆಯಬೇಕು. ಹಾಗೆ ಕತ್ತರಿಸಿದ್ದು 1972ರ ಅಂತರರಾಷ್ಟ್ರೀಯ ಕಂಟೇನರ್ ಸುರಕ್ಷತಾ ಒಪ್ಪಂದದ ಮೂಲ ಅನುಮೋದನೆಯ ಬಲದ ಮೇಲೆ ಮತ್ತೆ ಹಡಗು ಹತ್ತಲಾರದು. ಇನ್ನು ನಮ್ಮ ಮಳೆ. ಚಪ್ಪಟೆ ತಲೆಯ ಈ ಪೆಟ್ಟಿಗೆಗೆ ಮಲೆನಾಡಿನಲ್ಲಿ ಇಳಿಜಾರು ಶೀಟಿನ ಮಾಡು ಹೊದಿಸದೆ ಉಳಿಗಾಲವಿಲ್ಲ. ಮಾಡು ನಿಲ್ಲಲು ಕಂಬ, ಕಂಬಕ್ಕೆ ಬುನಾದಿ. ಸಾಗಣೆಯೂ ಸಲೀಸಲ್ಲ: ಆಗುಂಬೆ ಘಾಟಿಯಲ್ಲಿ ಭಾರಿ ವಾಹನಗಳಿಗೆ ನಿಷೇಧವಿದೆ. ಮಂಗಳೂರಿನಿಂದ 40 ಅಡಿಯ ಪೆಟ್ಟಿಗೆ ಹೊತ್ತ ಟ್ರೇಲರ್ ಕೊಪ್ಪಕ್ಕೆ ಬಳಸುದಾರಿಯಲ್ಲೇ ಬರಬೇಕು, ಇಳಿಸಲು ಕ್ರೇನ್ ಬೇರೆ.

ಸಾಗುವ ಮನೆ ನಮ್ಮಲ್ಲಿ ಹೊಸತೆಂಬ ಉತ್ಸಾಹಿಗಳು ಒಮ್ಮೆ ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ನೋಡಲಿ. ವಿಜಯನಾಥ ಶೆಣೈ ಅವರು ಕುಂಜೂರಿನ ಚೌಕಿಮನೆಯಂಥ ಹಳೆಯ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದರು. ಕಂಬ, ತೊಲೆ, ಜಂತಿ, ಬಾಗಿಲವಾಡ ಬಿಡಿಬಿಡಿಯಾಗಿ ಕಳಚುವ ಮರದ ಮನೆ ಕತ್ತರಿಸಿದ ಕಂಟೇನರಿಗಿಂತ ಸುಲಭವಾಗಿ ಊರು ಬದಲಿಸೀತು. ಹಾಗೆಂದು ಅದನ್ನು ಯಾರೂ ಚರಾಸ್ತಿ ಎನ್ನಲಿಲ್ಲ. (ವಾಸ್ತುಶಿಲ್ಪದ ಚರಿತ್ರೆಯನ್ನು ಮಾರಾಟದ ಕರಪತ್ರಗಳಿಂದ ಬರೆಯುವವರಿಗೆ ಮಣಿಪಾಲ ದೂರವೇ.)

ಕಡೆಗೆ, 1964ರ ಕರ್ನಾಟಕ ಭೂಕಂದಾಯ ಕಾಯ್ದೆ. ಅದರ 95ನೇ ಕಲಮು ಕೃಷಿಗೆ ಬೇಕಾದ ಕಟ್ಟಡಕ್ಕೆ ತಾನೇ ಅವಕಾಶ ಕೊಡುತ್ತದೆ. ಜಮೀನನ್ನು ಬೇರೆ ಉದ್ದೇಶಕ್ಕೆ ತಿರುಗಿಸುವವರು ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕೆನ್ನುತ್ತದೆ. ಅದರ ಕಣ್ಣಿರುವುದು ನೆಲದ ಬಳಕೆಯ ಮೇಲೆ. ಹೆಂಚಿನ ಮನೆಯೋ ಉಕ್ಕಿನ ಪೆಟ್ಟಿಗೆಯೋ ಎಂದು ಅದು ಕೇಳುವುದೇ ಇಲ್ಲ.