ಸೃಜನೇತರ ಕೃತಿಗಳ ಸ್ವಪ್ರಕಾಶನ

ಕಥೆ, ಕಾದಂಬರಿ, ಕಾವ್ಯ, ನಾಟಕಗಳಲ್ಲದ ಗ್ರಂಥವನ್ನು ಲೇಖಕರೇ ತಮ್ಮ ವೆಚ್ಚದಲ್ಲಿ ಅಥವಾ ತಮ್ಮದೇ ಪ್ರಕಾಶನದ ಹೆಸರಿನಲ್ಲಿ ಹೊರತರುವುದನ್ನು ಸೃಜನೇತರ ಕೃತಿಗಳ ಸ್ವಪ್ರಕಾಶನ ಎನ್ನಬಹುದು. ಸ್ಥಳೀಯ ಇತಿಹಾಸ, ಆತ್ಮಕಥೆ, ಕೃಷಿ, ವೈದ್ಯ, ಶಿಕ್ಷಣ, ಉದ್ಯಮ ಮೊದಲಾದವು ಇದರ ಸಾಮಾನ್ಯ ವಸ್ತುಗಳು. ಇಂತಹ ಗ್ರಂಥದ ಮೂಲಕ ಲೇಖಕರು ತಮ್ಮ ಕ್ಷೇತ್ರದಲ್ಲಿ ಗುರುತು ಪಡೆಯುವುದನ್ನು ಉದ್ಯಮಲೋಕವು ‘ವೈಯಕ್ತಿಕ ಬ್ರ್ಯಾಂಡ್’ ಎಂದು ಕರೆಯುತ್ತದೆ. ಪದ ಹೊಸದಾದರೂ ರೂಢಿ ಹಳೆಯದು.

ಹಿನ್ನೆಲೆ

ಕನ್ನಡದಲ್ಲಿ ಲೇಖಕರೇ ಪ್ರಕಾಶಕರೂ ಮಾರಾಟಗಾರರೂ ಆದ ಪರಂಪರೆ ದೀರ್ಘವಾದುದು. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. ಜಿ.ಪಿ. ರಾಜರತ್ನಂ ‘ಶಾಕ್ಯ ಸಾಹಿತ್ಯ ಮಂಟಪ’ವನ್ನು ಕಟ್ಟಿದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಮುದ್ರಣಾಲಯವನ್ನೇ ನಡೆಸಿದರು; 1936ರ ‘ಬಾಲಪ್ರಪಂಚ’ದ ಮೂರು ಸಂಪುಟಗಳು ಅವರನ್ನು ಕಾದಂಬರಿ ಓದದ ಮನೆಗಳಿಗೂ ಪರಿಚಯಿಸಿದವು.

ಸ್ವಪ್ರಕಾಶನವಲ್ಲದಿದ್ದರೂ, ವೃತ್ತಿಜ್ಞಾನವು ಪುಸ್ತಕವಾಗಿ ಹೆಸರು ತಂದುದಕ್ಕೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಉತ್ತಮ ನಿದರ್ಶನ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯವಿಜ್ಞಾನಿಯನ್ನು ಸಾಮಾನ್ಯ ಓದುಗರ ಲೇಖಕರನ್ನಾಗಿಸಿದ ಈ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಉದ್ಯಮಿಗಳಲ್ಲಿ ಏರ್ ಡೆಕ್ಕನ್ ಸ್ಥಾಪಕ ಕ್ಯಾಪ್ಟನ್ ಗೋಪಿನಾಥ್ ಅವರ ಇಂಗ್ಲಿಷ್ ಆತ್ಮಕಥೆ ‘ಸಿಂಪ್ಲಿ ಫ್ಲೈ’ ಹೆಸರಾಗಿದೆ. ಅದರ ಆಧಾರದ ಮೇಲೆ 2020ರಲ್ಲಿ ‘ಸೂರರೈ ಪೋಟ್ರು’ ಎಂಬ ತಮಿಳು ಚಲನಚಿತ್ರವೂ ಬಂದಿತು.

ಅಭಿನಂದನ ಗ್ರಂಥವು ಇದಕ್ಕಿಂತ ಭಿನ್ನವಾದುದು. 1941ರಲ್ಲಿ ಬಿ.ಎಂ. ಶ್ರೀಕಂಠಯ್ಯನವರಿಗೆ ಅರ್ಪಿತವಾದ ‘ಸಂಭಾವನೆ’ಯಂತೆ, ಅಲ್ಲಿ ಒಬ್ಬರ ಗೌರವಾರ್ಥ ಇತರರು ಬರೆಯುತ್ತಾರೆ. ತಮ್ಮ ಅಭಿನಂದನ ಗ್ರಂಥಕ್ಕೆ ತಾವೇ ಹಣ ಹೂಡುವ ಈಚಿನ ವಾಡಿಕೆಯಿಂದ ಯಾರ ಹೆಸರೂ ಬಹುಕಾಲ ಬಾಳಿದಂತೆ ಕಾಣದು.

ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಇಲ್ಲಿ ಊರಿನ ಹೆಸರೇ ಲೇಖಕರ ಹೆಸರಾಗಿರುವುದು ಗಮನಾರ್ಹ. ಶಿರಾ ತಾಲ್ಲೂಕಿನ ಬರಗೂರಿನವರಾದ ಬರಗೂರು ರಾಮಚಂದ್ರಪ್ಪ ‘ಬರಗೂರು’ ಎಂದೇ ಪರಿಚಿತರು. 2016ರ ರಾಯಚೂರು ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾಗಿದ್ದರು. ಪಾವಗಡ ಪ್ರಕಾಶ್ ರಾವ್ ಉಪನ್ಯಾಸ ಹಾಗೂ ಪುಸ್ತಕಗಳಿಂದ ನಾಡಿನಾದ್ಯಂತ ಪರಿಚಿತರಾದರು. ನೆರೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬಂದ ಎಚ್. ನರಸಿಂಹಯ್ಯನವರ ‘ಹೋರಾಟದ ಹಾದಿ’ ಆತ್ಮಕಥೆಗಳಲ್ಲಿ ಗಣ್ಯವಾದುದು.

ಈ ತಾಲ್ಲೂಕುಗಳಲ್ಲಿ ಬರೆಯಬೇಕೆನ್ನುವವರಿಗೆ ವಸ್ತುವಿನ ಕೊರತೆಯಿಲ್ಲ. ಮಧುಗಿರಿಯ ಏಕಶಿಲಾ ಬೆಟ್ಟ, ಮೊಗಲರ ಸುಬಾ ಕೇಂದ್ರವಾಗಿದ್ದ ಶಿರಾ, ಕೊರಟಗೆರೆಯ ಸಿದ್ಧರಬೆಟ್ಟದ ಔಷಧಿ ಸಸ್ಯಗಳು, ಪಾವಗಡದ ಸೌರ ಉದ್ಯಾನ ಇವೆಲ್ಲ ಸ್ಥಳೀಯರೇ ಬರೆಯಬಹುದಾದ ವಿಷಯಗಳು. ಜಿಲ್ಲೆಯ ಶಾಸನಗಳು ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ 12ನೆಯ ಸಂಪುಟದಲ್ಲಿ (1904) ತಾಲ್ಲೂಕುವಾರು ಸಂಗ್ರಹವಾಗಿವೆ. ಹಳೆಯ ಗ್ರಂಥಗಳಲ್ಲಿ ಮಧುಗಿರಿ ‘ಮದ್ದಗಿರಿ’ ಎಂದಿರುವುದರಿಂದ ವಿದ್ಯಾರ್ಥಿಗಳು ಆ ಹೆಸರಿನಲ್ಲಿಯೂ ಹುಡುಕಬೇಕು. ಶಾಸನಪಾಠ ನೋಡದೆ, ಕೇಳಿದ ಐತಿಹ್ಯವನ್ನೇ ಇತಿಹಾಸವೆಂದು ಅಚ್ಚು ಹಾಕಿಸಿದ ಪುಸ್ತಕವು ಲೇಖಕರಿಗೆ ಹೆಸರಿಗಿಂತ ಅಪಖ್ಯಾತಿಯನ್ನೇ ತರಬಹುದು. ಐತಿಹ್ಯವನ್ನು ಬಿಡಬೇಕೆಂದಲ್ಲ, ಅದನ್ನು ಐತಿಹ್ಯವೆಂದೇ ಹೇಳಿ, ಹೇಳಿದವರ ಊರನ್ನೂ ಕಾಲವನ್ನೂ ದಾಖಲಿಸಿದರೆ ಅದೂ ಆಕರವೇ ಆಗುತ್ತದೆ.

ಹಕ್ಕು ಮತ್ತು ಒಪ್ಪಂದ

ಸ್ವಪ್ರಕಾಶನದ ಹೆಸರಿನಲ್ಲಿ ಹೆಚ್ಚು ನಷ್ಟವಾಗುವುದು ಇಲ್ಲಿಯೇ. ಲೇಖಕರಿಂದ ಪೂರ್ತಿ ವೆಚ್ಚ ಪಡೆದು, ಒಪ್ಪಂದಪತ್ರವಿಲ್ಲದೆ ಪುಸ್ತಕ ಮುದ್ರಿಸಿಕೊಡುವ ಸಂಸ್ಥೆಗಳಿವೆ. ಇಂತಹ ವ್ಯವಹಾರದಲ್ಲಿ ನಿವೃತ್ತಿಯ ಉಳಿತಾಯ ಕರಗಿ, ಪ್ರತಿಗಳು ಮನೆಯ ಅಟ್ಟ ಸೇರುವುದುಂಟು.

1957ರ ಕೃತಿಸ್ವಾಮ್ಯ ಅಧಿನಿಯಮದಂತೆ ಬರೆದ ಕೃತಿಯ ಹಕ್ಕು ಸಾಮಾನ್ಯವಾಗಿ ಲೇಖಕರದೇ. ಅದು ಅವರ ಜೀವಿತಾವಧಿ ಹಾಗೂ ನಂತರದ 60 ವರ್ಷ ಉಳಿಯುತ್ತದೆ. ಹಕ್ಕಿನ ವರ್ಗಾವಣೆ ಲಿಖಿತವಾಗಿದ್ದು, ಅದಕ್ಕೆ ಲೇಖಕರ ಸಹಿ ಇರಬೇಕು. ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಅದನ್ನು 5 ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಭಾವಿಸಲಾಗುತ್ತದೆ. ಪಡೆದವರು ಒಂದು ವರ್ಷದೊಳಗೆ ಹಕ್ಕನ್ನು ಬಳಸದಿದ್ದರೆ, ಪತ್ರದಲ್ಲಿ ಬೇರೆ ಹೇಳಿಲ್ಲದ ಪಕ್ಷದಲ್ಲಿ, ಆ ವರ್ಗಾವಣೆ ರದ್ದಾಗುತ್ತದೆ. ಪ್ರತಿಗಳ ಸಂಖ್ಯೆ, ಗೌರವಧನ, ಮರುಮುದ್ರಣ, ಇ-ಪುಸ್ತಕ ಮತ್ತು ಅನುವಾದದ ಹಕ್ಕುಗಳನ್ನು ಪತ್ರದಲ್ಲಿ ಬೇರೆಬೇರೆಯಾಗಿ ಬರೆಸುವುದು ಕ್ಷೇಮ.

ಮುದ್ರಣ ಮತ್ತು ನೋಂದಣಿ

ಭಾರತದಲ್ಲಿ 13 ಅಂಕಿಗಳ ಐಎಸ್‌ಬಿಎನ್ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆಯು ಉಚಿತವಾಗಿ ನೀಡುತ್ತದೆ. ಲೇಖಕರೂ ಅರ್ಜಿ ಸಲ್ಲಿಸಬಹುದು. ಈ ಸಂಖ್ಯೆಯು ಪುಸ್ತಕದ ಗುರುತೇ ಹೊರತು ಕೃತಿಸ್ವಾಮ್ಯದ ಪ್ರಮಾಣವೂ ಅಲ್ಲ, ಗುಣಮಟ್ಟದ ಮುದ್ರೆಯೂ ಅಲ್ಲ. 1954ರ ಪುಸ್ತಕ ಸಲ್ಲಿಕೆ ಅಧಿನಿಯಮದಂತೆ ಪ್ರಕಟಣೆಯ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬಯಿ, ದೆಹಲಿಗಳ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳುಹಿಸಬೇಕು.

ಕನ್ನಡ ಬೆರಳಚ್ಚಿನಲ್ಲಿ ವಿಶೇಷ ತೊಡಕೊಂದಿದೆ. ನುಡಿ ಅಥವಾ ಬರಹದ ಹಳೆಯ ಫಾಂಟುಗಳಿಂದ ಯೂನಿಕೋಡಿಗೆ ಪಠ್ಯ ಪರಿವರ್ತಿಸುವಾಗ ಅರ್ಕಾವೊತ್ತು, ಒತ್ತಕ್ಷರಗಳು ಕೆಡುವುದುಂಟು. ಆದ್ದರಿಂದ ಪರಿವರ್ತನೆಯ ಬಳಿಕ ಮತ್ತೊಮ್ಮೆ ಕರಡು ತಿದ್ದಬೇಕು, ಅದೂ ಲೇಖಕರಲ್ಲದ ಇನ್ನೊಬ್ಬರಿಂದ.

ವಿತರಣೆ

ರಾಜ್ಯದ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಕನ್ನಡ ಪ್ರಕಾಶಕರ ಮುಖ್ಯ ಆಸರೆ. ಇದರ ಹಿನ್ನೆಲೆಯಲ್ಲಿರುವುದು 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಅಧಿನಿಯಮ ಮತ್ತು ಗ್ರಂಥಾಲಯ ಕರ. ಆದರೆ ಆಯ್ಕೆಯಾಗಲಿ, ಹಣ ಬರುವ ಕಾಲವಾಗಲಿ ಲೇಖಕರ ಕೈಯಲ್ಲಿಲ್ಲವಾದ್ದರಿಂದ ಇದನ್ನೇ ನಂಬಿ ಸಾವಿರ ಪ್ರತಿ ಅಚ್ಚು ಹಾಕಿಸುವುದು ಸಾಹಸವೇ ಸರಿ. ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ನೀಡುತ್ತದೆ. ತಾಲ್ಲೂಕು ಸಾಹಿತ್ಯ ಸಮ್ಮೇಳನಗಳ ಪುಸ್ತಕ ಮಳಿಗೆ ಸ್ಥಳೀಯ ಇತಿಹಾಸದ ಕೃತಿಗಳಿಗೆ ಒದಗುವ ಸಹಜ ಮಾರುಕಟ್ಟೆ. ಬೇಡಿಕೆ ಬಂದಷ್ಟೇ ಪ್ರತಿ ಮುದ್ರಿಸುವ ಡಿಜಿಟಲ್ ವ್ಯವಸ್ಥೆಯಿಂದ ಆರಂಭದ ಬಂಡವಾಳ ತಗ್ಗಿದೆ. ಮೈಲ್ಯಾಂಗ್‌ನಂತಹ ವೇದಿಕೆಗಳಲ್ಲಿ ಕನ್ನಡ ಇ-ಪುಸ್ತಕಗಳೂ ಧ್ವನಿಪುಸ್ತಕಗಳೂ ಮಾರಾಟವಾಗುತ್ತಿವೆ.